ಕಹಕಶಾ ಬೆರಳು ತೋರಿಸಿದಳು

ಜ್ಯೋತಿ,

ಇದನ್ನು ನಿನಗೆ ಕಳಿಸುವುದಿಲ್ಲ, ಕಳಿಸುವ ಮುಖ ನನಗಿಲ್ಲ. ಆದರೆ ಹೇಳದೆ ಇರಲಾರೆ. ನನ್ನ ಮಗಳು ಕಹಕಶಾ ಇವತ್ತು ಬೆರಳು ತೋರಿಸಿದಳು!

ಎರಡು ವರ್ಷ ದಾಟಿದರೂ ಅವಳು ಮಾತಾಡದಿದ್ದಾಗ ನಮ್ಮತ್ತೆ, "ಮನ್ಯಾಗ ಉರ್ದು, ಪಕ್ಕದ ಮನಿ ಜ್ಯೋತಿದು ಕನ್ನಡ. ಕೂಸಿಗೆ ಗಲಿಬಿಲಿ ಆಗ್ಯಾದ" ಅಂದರು. ನಾನೂ ನಂಬಿದೆ. "ನಮ್ಮ ಹುಡುಗಿ ಜೋಡಿ ಕನ್ನಡ ಮಾತಾಡಬ್ಯಾಡ ನೀ" ಎಂದು, ಕಟ್ಟೆಯಿಂದ ಅವಳನ್ನು ಕರೆಯುತ್ತಿದ್ದ ನಿನ್ನ ಮುಖಕ್ಕೇ ಅಂದೆ. ಮರುದಿನದಿಂದ ನೀನು ನಮ್ಮ ಹೊಸ್ತಿಲು ತುಳಿಯಲಿಲ್ಲ. ಆಮೇಲೆ ನಿನ್ನ ಗಂಡನಿಗೆ ನಾರಾಯಣಪುರಕ್ಕೆ ವರ್ಗವಾಯಿತು.

ನಮ್ಮ ಶಹಾಪುರದ ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಬಂದ ಮೇಡಂ ಅವಳನ್ನು ನೋಡಿ, ಯಾದಗಿರಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಆಟಿಸಂ ಎಂದರು. ನಾನು ಎರಡು ಭಾಷೆಯ ಕಥೆ ಹೇಳಿದಾಗ ಅವರು ಅಂದರು:

"ಭಾಷಾದ ತಪ್ಪಲ್ರಿ ಇದು. ಎಷ್ಟು ಮಂದಿ ಮಾತಾಡಿಸ್ತಾರ, ಅಷ್ಟು ಚಲೋ. ಲಗೂನ ಕರಕೊಂಡು ಬಂದೀರಿ."

ಐದು ತಿಂಗಳಿಂದ ಅಲ್ಲಿ ಕಲಿಸಿದ ಆಟಗಳನ್ನೇ ಆಡುತ್ತಿದ್ದೇವೆ. ಬಿಸ್ಕೀಟು ಎತ್ತರದಲ್ಲಿಟ್ಟು, ಅವಳು ಕೇಳುವವರೆಗೆ ಕಾಯುತ್ತೇನೆ. ಅವಳು ನನ್ನ ಕೈ ಹಿಡಿದು ಎಳೆಯುತ್ತಿದ್ದಳೇ ಹೊರತು ಒಮ್ಮೆಯೂ ಬೆರಳು ತೋರಿಸಿರಲಿಲ್ಲ.

ಇವತ್ತು ಸಂಜೆ ಆಡಿನ ಮರಿಯೊಂದು ನೀನಿದ್ದ ಮನೆಯ ಕಟ್ಟೆ ಹತ್ತಿತು. ಕಹಕಶಾ ಅದರತ್ತ ಬೆರಳು ಚಾಚಿದಳು, ತಿರುಗಿ ನನ್ನ ಮುಖ ನೋಡಿದಳು! ನಾನು ಓಣಿಯಲ್ಲೇ ಕುಣಿದುಬಿಟ್ಟೆ.

ಅಷ್ಟರಲ್ಲಿ ಅವಳು ಆ ಕಟ್ಟೆಯ ಕಡೆ ಕೈ ಬೀಸಿ, ರಾಗ ಎಳೆದು, "ಬಾ... ಬಾ..." ಅಂದಳು.

ನಮ್ಮ ಮನೆಯಲ್ಲಿ ಅವಳನ್ನು ಯಾರೂ ಹಾಗೆ ಕರೆದವರಲ್ಲ, ಜ್ಯೋತಿ.

ಗುಲ್ನಾಜ್