ಬೊಂಬೆಗೆ ಹೇಳಿಕೊಟ್ಟ ಉತ್ತರ

ಅಕ್ಕನಿಗೆ ತಮ್ಮನ ಅಕ್ಕರೆಯ ನಮಸ್ಕಾರ.

ಅಳಿದುಹೋಗುತ್ತಿರುವ ಭಾಷೆಗಳ ಬಗ್ಗೆ ನಮ್ಮ ಬೊಂಬೆಯಾಟ ನಿನ್ನೆ ಇಲ್ಲಿನ ಶಾಲೆಯಲ್ಲಿ ನಡೆಯಿತು. ಈ ಊರಿನ ಹಳೆಯ ಭಾಷೆ ಬಲ್ಲವರು ಈಗ ಒಬ್ಬರೇ, ಬೊಂಬೆಗೆ ಅಂಗಿ ಹೊಲಿದುಕೊಟ್ಟ ದರ್ಜಿ ಅಜ್ಜಿ. ಅವರಿಂದ ಕಲಿತ ಎಂಟು ಮಾತುಗಳನ್ನು ನಾನು ಪರದೆಯ ಹಿಂದೆ ನಿಂತು ಬೊಂಬೆಯ ಪರವಾಗಿ ಗಿಣಿಪಾಠದಂತೆ ಒಪ್ಪಿಸುತ್ತಿದ್ದೆ. ಮುಂದಿನ ಸಾಲಿನಲ್ಲಿದ್ದ ಅಜ್ಜಿ, ಇದು ಆಟವೆಂಬುದನ್ನೇ ಮರೆತು, ಬೊಂಬೆಯನ್ನು ತಮ್ಮ ಭಾಷೆಯಲ್ಲಿ ಏನೋ ಕೇಳಿಬಿಟ್ಟರು. ಅದು ನಾನು ಕಲಿತ ಎಂಟು ಮಾತುಗಳಲ್ಲಿ ಇರಲಿಲ್ಲ. ಸುಮ್ಮನೆ ಬೊಂಬೆಯ ತಲೆ ಅಲ್ಲಾಡಿಸಿದೆ.

“ಬಾಯಿಗೆ ನಾನು ಹೊಲಿಗೆ ಹಾಕಿಲ್ವಲ್ಲೋ,” ಎಂದು ಅಜ್ಜಿ ಎಲ್ಲರಿಗೂ ತಿಳಿಯುವಂತೆ ಕನ್ನಡದಲ್ಲಿ ಗದರಿ, ಉತ್ತರವನ್ನೂ ತಮ್ಮ ಭಾಷೆಯಲ್ಲಿ ತಾವೇ ಹೇಳಿಕೊಟ್ಟರು. ನನಗಿಂತ ಮೊದಲು ಮಕ್ಕಳೇ ಅದನ್ನು ಕೂಗಿದರು. ಆಟ ಮುಗಿದ ಮೇಲೆ ಅರ್ಥ ಕೇಳಿದೆ. “ಇಷ್ಟು ವರ್ಷ ಎಲ್ಲಿಗೆ ಹೋಗಿದ್ಯೋ?” ಎಂಬುದು ಪ್ರಶ್ನೆ. “ಇಲ್ಲೇ ಇದ್ದೆ, ನೀನು ಕರೀಲಿಲ್ಲ,” ಎಂಬುದು ಉತ್ತರ.

ಆಟದಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿದೆ, ಊರೂರು ತಿರುಗಿದರೂ ಕಾಲು ಗಟ್ಟಿಯಿದೆ. ಅಮ್ಮನಿಗೆ ಕಾಲಿನ ಸುದ್ದಿ ಮಾತ್ರ ಹೇಳು. ಇವತ್ತಿನಿಂದ ಬೊಂಬೆ ಅಜ್ಜಿಯ ಕೈಗೆ, ಪರದೆಯ ಹಗ್ಗ ನನ್ನ ಕೈಗೆ. ಬೆಳಿಗ್ಗೆ ಮಕ್ಕಳು ಅವರ ಅಂಗಡಿಯೆದುರು ಆ ಉತ್ತರವನ್ನೇ ಕೂಗಿ ಓಡಿದರು. ಅಜ್ಜಿ ಕತ್ತರಿ ಹಿಡಿದೇ ಹೊರಬಂದು ಹೊಸದೊಂದು ಮಾತು ಹೇಳಿದರು. ಬೈಗುಳವೇ ಇರಬೇಕು. ಮಕ್ಕಳು ಅದನ್ನೂ ಕಲಿತುಬಿಟ್ಟರು.

ಇವತ್ತಿನ ಆಟಕ್ಕೆ ಗಂಟೆ ಹೊಡೆಯಿತು, ಪರದೆ ಎಳೆಯಬೇಕು.

ನಿನ್ನ ತಮ್ಮ