ತಾರೀಖು ಬರೆಯದ ಠರಾವು

ಬೀರಲಿಂಗನಿಗೆ,

ನೀನು ಕಳಿಸಿದ ಕಾಗದ ನಿನ್ನೆ ಮುಟ್ಟಿತು. ತಂದ ನಿಮ್ಮ ಪಂಚಾಯ್ತಿ ಜವಾನ ಮಾಳಪ್ಪ, "ಅಧ್ಯಕ್ಷರು ಬರೇ ಸಹಿ ಮಾಡ್ರಿ ಅಂದಾರ್ರಿ ಅಕ್ಕೋರ, ಓದೂದೇನೂ ಇಲ್ಲಂತ" ಎಂದು ಪೆನ್ನನ್ನೂ ಮುಂದೆ ಹಿಡಿದ. ನಾನು ಓದಿದೆ. ಊರ ಕೆರೆಯ ಪೂರ್ತಿ ಅಧಿಕಾರ ಇನ್ನು ಮುಂದೆ ಕಾಯಂ ಆಗಿ ನಿನಗೇ ಎಂಬ ಠರಾವು. ಭಾನುವಾರದ ಸಭೆಯಲ್ಲಿ ಅದನ್ನು ಮಂಡಿಸುವವರು ಮೃಣಾಲಿನಿ, ನಿವೃತ್ತ ಇತಿಹಾಸ ಉಪನ್ಯಾಸಕಿ. ನನ್ನನ್ನು ಕೇಳದೆಯೇ ನನ್ನ ಹೆಸರು ಟೈಪ್ ಮಾಡಿಸಿದ್ದೀಯ. ಭಲೇ!

ನಾನು ಸಹಿ ಮಾಡುವುದಿಲ್ಲ. ಎದುರಿಗೆ ಹೇಳಲು ಬಂದರೆ ನೀನು ಚಹಾ ತರಿಸಿ, ಏನಾದರೂ ಚೇಷ್ಟೆ ಮಾಡಿ, ನನ್ನನ್ನು ನಗಿಸಿ ಕಳಿಸುತ್ತೀಯ. ಆ ವಿದ್ಯೆ ನಿನಗೆ ಕಾಲೇಜಿನಲ್ಲೇ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ. ಕುಳಿತು ಓದು.

ಮೂರು ವರ್ಷದ ಹಿಂದೆ ಬೆಣ್ಣಿಹಳ್ಳ ಉಕ್ಕಿ ಕೆರೆಯೊಳಗೆ ನುಗ್ಗಿದ್ದು ಇಬ್ಬರಿಗೂ ನೆನಪಿದೆ. ಬಾವಿ ತೋಡಿದರೆ ಉಪ್ಪುನೀರು ಬರುವ ನಮ್ಮೂರಿಗೆ ಕುಡಿಯಲು ಇರುವುದು ಅದೊಂದೇ ಕೆರೆ. ಎಂಟೇ ದಿನದಲ್ಲಿ ಓಣಿ ಓಣಿಯಲ್ಲಿ ವಾಂತಿಭೇದಿ. ಕೆರೆಯ ಸುತ್ತಲಿನ ಗೋಡೆಯ ಬಾಗಿಲಿಗೆ ಅಜ್ಜಂದಿರ ಕಾಲದಿಂದ ಎರಡು ಕೀಲಿ. ಒಂದರ ಕೀಲಿಕೈ ನಮ್ಮ ಮನೆಯಲ್ಲಿ, ಇನ್ನೊಂದರದು ಅಬ್ದುಲ್‌ಸಾಬರ ಮನೆಯಲ್ಲಿ. ಒಬ್ಬರೇ ತೆಗೆಯುವಂತಿಲ್ಲ, ಒಬ್ಬರೇ ಹಾಕುವಂತಿಲ್ಲ. ಎರಡನ್ನೂ ನಿನ್ನ ಕೈಗೆ ಕೊಡಬೇಕೆಂದು ನೀನು ಸಭೆಯಲ್ಲಿ ಕೇಳಿದೆ. ಕೇಳಿದ ರೀತಿಯಾದರೂ ಎಂಥದ್ದು!

"ಅಮೇರಿಕಾದಾಗ ಬ್ಯಾಂಕ್ ಮುಳಗೂ ಹೊತ್ತಿನ್ಯಾಗ ಎಲ್ಲಾರೂ ಕೂಡಿ ಅಧ್ಯಕ್ಷನ ಕೈಗೆ ಅಧಿಕಾರ ಕೊಟ್ರು, ದೇಶ ಉಳೀತು. ಇದನ್ನ ನನಗ ಕಲಿಸಿದ ಅಕ್ಕೋರು ಇಲ್ಲೇ ಕುಂತಾರ, ಬೇಕಾದ್ರ ಕೇಳ್ರಿ!"

ಊರೆಲ್ಲ ನನ್ನ ಕಡೆ ತಿರುಗಿತು. ನಾನು ಉಬ್ಬಿಹೋದೆ ಕಣೋ. ನವಲಗುಂದದ ಕಾಲೇಜಿನಲ್ಲಿ ಮೂವತ್ತು ವರ್ಷ ಗಂಟಲು ಹರಿದುಕೊಂಡಿದ್ದಕ್ಕೆ ಒಬ್ಬನಾದರೂ ಪಾಠ ನೆನಪಿಟ್ಟನಲ್ಲ ಎಂದು ಕಣ್ಣು ತುಂಬಿ ಬಂತು. ಎದ್ದು ನಿಂತು ನಾನೇ ಠರಾವು ಮಂಡಿಸಿದೆ. ಅಬ್ದುಲ್‌ಸಾಬರು ಒಬ್ಬರೇ ಕೈ ಎತ್ತಿ, "ಕೊಡೂಣು, ನಾ ಬ್ಯಾಡ ಅನ್ನಂಗಿಲ್ಲ. ಹೊಳ್ಳಿ ಎಂದ ಕೊಡ್ತಾನ ಅನ್ನೂದು ತಾರೀಖ ಹಾಕಿ ಬರೀರಿ" ಅಂದರು. "ಮಂದಿ ಸಾಯಾಕತ್ತಾರ, ನಿಮಗ ತಾರೀಖಿನ ಚಿಂತಿ ಏನ್ರಿ ಕಾಕಾ?" ಎಂದು ನಾನೇ ಅವರ ಬಾಯಿ ಮುಚ್ಚಿಸಿದೆ. ಜನ ನಕ್ಕರು. ಅಬ್ದುಲ್‌ಸಾಬರು ತಮ್ಮ ಕೀಲಿಕೈ ನಿನ್ನ ಮುಂದಿಟ್ಟರು.

ನೀನು ಊರನ್ನು ಉಳಿಸಿದೆ. ಅದನ್ನು ಇಲ್ಲ ಅಂದರೆ ನನ್ನ ನಾಲಿಗೆ ಬಿದ್ದುಹೋದೀತು. ಸೊಂಟದಮಟ ರಾಡಿಯಲ್ಲಿ ನಿಂತು ಕೆರೆಯ ಹೂಳು ತೆಗೆಸಿದೆ, ಔಷಧ ಹಾಕಿಸಿದೆ, ಮನೆಗೆ ಎರಡೇ ಕೊಡ ಎಂದು ಕಟ್ಟು ಮಾಡಿ ನಿನ್ನ ಮನೆಗೂ ಎರಡೇ ಒಯ್ದೆ. ಆದರೆ ಅದೇ ವಾರ ಯಾರೋ, "ರೋಗ ಬಂದಿದ್ದು ಹಳ್ಳದ ದಂಡಿ ಮಂದಿಯಿಂದ" ಅಂದರು. ನೀನು ಪರೀಕ್ಷೆ ಮಾಡಿಸಲಿಲ್ಲ, ಒಬ್ಬರನ್ನೂ ಕರೆದು ಕೇಳಲಿಲ್ಲ. ದಂಡೆಯ ಹದಿನಾರು ಮನೆಗಳಿಗೆ ಕೆರೆ ಬಂದ್ ಎಂದು ಫಲಕ ಹಾಕಿಸಿದೆ. ರೋಗ ಹೋಗಿ ಮೂರು ವರ್ಷವಾಯಿತು. ಫಲಕ ಇನ್ನೂ ಅಲ್ಲೇ ಇದೆ.

ಆ ಮಂದಿ ಎರಡು ಮೈಲು ದೂರದ ಪಕ್ಕದೂರಿನಿಂದ ನೀರು ಹೊರುತ್ತಾರೆ. ಹೋದ ತಿಂಗಳು ಅವರ ಪೈಕಿ ಸಾವಕ್ಕ ತುಂಬಿದ ಕೊಡದೊಂದಿಗೆ ಎರೆಮಣ್ಣಿನಲ್ಲಿ ಜಾರಿಬಿದ್ದು ಟೊಂಕದ ಎಲುಬು ಮುರಿದುಕೊಂಡಳು. ನೋಡಲು ಹೋಗಿದ್ದೆ. "ನಾ ಏನ್ ತಪ್ಪ ಮಾಡೇನಿ ಅಂತ ಒಬ್ಬರರೆ ಹೇಳ್ಲಿ ಅಕ್ಕೋರ. ಆಮ್ಯಾಲೆ ನೀರು ಕೊಡೂದಿಲ್ಲ ಅನ್ಲಿ" ಅಂದಳು. ಮನೆಗೆ ಬಂದವಳೇ ನನ್ನ ಹಳೆಯ ನೋಟ್ಸ್ ತೆಗೆದೆ.

ಈಗ ಕೇಳು. ಆ ಅಮೇರಿಕಾದ ಪಾಠದಲ್ಲಿ ಇನ್ನೂ ನಾಲ್ಕು ಪುಟ ಇದ್ದವು. "ಇದು ಪರೀಕ್ಷಾಕ್ಕ ಬರೂದಿಲ್ಲ, ಬಿಡ್ರಿ" ಎಂದು ಪ್ರತಿ ವರ್ಷ ಹಾರಿಸಿದವಳು ನಾನೇ. ನಿನಗಾದರೂ ಹೇಗೆ ಗೊತ್ತಾಗಬೇಕು?

ಸಾವಿರದ ಒಂಬೈನೂರ ಮೂವತ್ತಮೂರರಲ್ಲಿ ರೂಸ್‌ವೆಲ್ಟ್ ಅಧ್ಯಕ್ಷಗಾದಿಗೆ ಬಂದಾಗ ಅಲ್ಲಿ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ವೈರಿ ದೇಶದೊಳಗೆ ನುಗ್ಗಿದಾಗ ಕೊಡುವಷ್ಟು ಅಧಿಕಾರ ಬೇಕಾದರೆ ಕೇಳುತ್ತೇನೆ ಎಂದು ಮೊದಲ ದಿನವೇ ಹೇಳಿದ. ಹದಿನಾರು ವರ್ಷ ಹಿಂದಿನ ಯುದ್ಧಕಾಲದ ಕಾಯಿದೆ ಹಿಡಿದು ಬ್ಯಾಂಕು ಮುಚ್ಚಿಸಿದ. ಅದಕ್ಕೆ ಒಪ್ಪಿಗೆ ಕೊಡುವ ಮಸೂದೆ ಒಂದೇ ದಿನದಲ್ಲಿ ಪಾಸಾಯಿತು. ಸಂಸತ್ತಿನ ಕೆಳಮನೆಯ ಸದಸ್ಯರ ಕೈಗೆ ಅದರ ಪ್ರತಿಯೂ ಸಿಕ್ಕಿರಲಿಲ್ಲ. ಬ್ಯಾಂಕು ಉಳಿದವು, ಅದು ಖರೆ. ಇಷ್ಟು ನಿನಗೆ ಬಾಯಿಪಾಠ.

ಮುಂದೆ ಯುದ್ಧ ಬಂತು. ನಲವತ್ತೆರಡರಲ್ಲಿ ಆತ ಹಾಕಿದ ಒಂದು ಸಹಿಯಿಂದ ಜಪಾನ್ ಮೂಲದ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು, ಕೈಯಲ್ಲಿ ಹಿಡಿದಷ್ಟು ಸಾಮಾನಿನೊಂದಿಗೆ ಮುಳ್ಳುತಂತಿಯ ಶಿಬಿರ ಸೇರಿದರು. ಬಹಳ ಮಂದಿ ಅದೇ ದೇಶದಲ್ಲಿ ಹುಟ್ಟಿದವರು. ನೀನು ಇಂಥ ತಪ್ಪು ಮಾಡಿದ್ದೀ ಎಂದು ಅವರಿಗೂ ಯಾರೂ ಹೇಳಲಿಲ್ಲ. ದೊಡ್ಡ ನ್ಯಾಯಾಲಯವೂ ಯುದ್ಧಕಾಲ ಎಂದು ತಲೆ ಅಲ್ಲಾಡಿಸಿತು. ಇನ್ನು ಬ್ಯಾಂಕಿನ ಸಲುವಾಗಿ ಸಾರಿದ್ದ ತುರ್ತುಸ್ಥಿತಿ? ಬ್ಯಾಂಕುಗಳು ಹದಿನೈದು ದಿನದೊಳಗೆ ಬಾಗಿಲು ತೆರೆಯತೊಡಗಿದ್ದವು. ತುರ್ತುಸ್ಥಿತಿ ಮಾತ್ರ ನಲವತ್ತು ವರ್ಷಕ್ಕೂ ಮೇಲೆ ಕಾಗದದ ಮೇಲೆ ಜೀವಂತ ಕುಳಿತಿತ್ತು. ಆತ ಸತ್ತ ಮೇಲೂ. ಅದಕ್ಕೂ ಯಾರೂ ತಾರೀಖು ಹಾಕಿರಲಿಲ್ಲ.

ಇನ್ನೊಂದು ಸಂಗತಿ. ನ್ಯಾಯಾಲಯ ತನಗೆ ಅಡ್ಡ ಬರುತ್ತದೆಂದು ಆತ ತನ್ನ ಕಡೆಯ ನ್ಯಾಯಾಧೀಶರನ್ನು ಹೆಚ್ಚಿಗೆ ತುಂಬಲು ಹೊರಟಾಗ, ಆತನ ಪಕ್ಷದ ಮಂದಿಯೇ ಒಲ್ಲೆವೆಂದರು. ಆತನನ್ನು ಮೆಚ್ಚಿ ಗೆಲ್ಲಿಸಿದವರೇ ಅಡ್ಡ ನಿಂತರು. ನಾನೂ ಅವರ ಸಾಲಿನವಳು, ತಿಳಿದುಕೋ. ನಿನ್ನ ಮೇಲಿನ ಪ್ರೀತಿ ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ, ಮತ್ತು ನಾನು ಅಡ್ಡ ನಿಲ್ಲುತ್ತೇನೆ.

ಮುಂಜಾನೆ ಅಬ್ದುಲ್‌ಸಾಬರ ಮನೆಗೆ ಹೋಗಿ ತಪ್ಪಾಯಿತೆಂದೆ. "ತಡಾ ಆತು ಖರೆ, ಬಂದ್ರಲ್ಲ, ಕುಂಡ್ರಿ" ಅಂದರು. ಭಾನುವಾರ ನಾನೊಂದು ಬೇರೆ ಠರಾವು ಮಂಡಿಸುತ್ತೇನೆ. ಕೊಟ್ಟ ಅಧಿಕಾರ ಅವತ್ತೇ ವಾಪಸ್ಸು, ಫಲಕ ಅವತ್ತೇ ಕಿತ್ತು ಹೊರಗೆ. ಅನುಮೋದಿಸುವವರು ಅಬ್ದುಲ್‌ಸಾಬರು. ನಿನ್ನ ಹಿಂದೆ ಊರಿದೆ, ನಮ್ಮ ಹಿಂದೆ ಹದಿನಾರು ಮನೆ. ಗೊತ್ತು. ಆದರೂ ಮಂಡಿಸುತ್ತೇನೆ.

ಅಲ್ಲಿಯವರೆಗೆ ಕಾಯುವಷ್ಟು ತಾಳ್ಮೆಯೂ ನನಗಿಲ್ಲ. ನಾಳೆ ಮುಂಜಾನೆ ಏಳು ಗಂಟೆಗೆ, ಬಾಗಿಲು ತೆಗೆಯುವ ಹೊತ್ತಿಗೆ, ಸಾವಕ್ಕನ ಸೊಸೆ ಕಸ್ತೂರೆವ್ವನೊಂದಿಗೆ ಕೆರೆಗೆ ಬರುತ್ತೇನೆ. ಕಾವಲಿನವರು ಅವಳನ್ನು ತಡೆಯಬಹುದೆಂದು ಕೊಡ ನಾನೇ ಹಿಡಿದಿರುತ್ತೇನೆ. ನನಗೆ ಅರವತ್ತೆಂಟು, ಮೊಣಕಾಲು ನೋವು, ಮೆಟ್ಟಿಲು ಇಳಿಯಲು ಹೊತ್ತು ಹಿಡಿಯುತ್ತದೆ. ತಡೆಯುವುದಿದ್ದರೆ ಮಾಳಪ್ಪನನ್ನು ಕಳಿಸಬೇಡ. ನೀನೇ ಬಾ. ನೀರಿಗೆ ಬಂದ ಅಷ್ಟೂ ಜನರ ಮುಂದೆ ನನ್ನ ಕೈಯಿಂದ ಕೊಡ ಕಸಿದುಕೋ, ನೋಡುತ್ತೇನೆ.

ಹರಸದೆ ಕಾಗದ ಮುಗಿಸುವ ರೂಢಿ ನನಗಿಲ್ಲ. ಭಾನುವಾರ ನೀನು ಸೋಲು, ಮಗನೆ. ಎಲ್ಲರೆದುರು, ಎತ್ತಿದ ಕೈಗಳನ್ನು ನೀನೇ ಎಣಿಸಿ ಸೋಲು. ಸೋತು ನೂರು ವರ್ಷ ಬಾಳು.

ನಿನ್ನ ಅಕ್ಕೋರು,
ಮೃಣಾಲಿನಿ