ಅಂದಾನಪ್ಪಣ್ಣನನ್ನು ಕೊಪ್ಪಳಕ್ಕೆ ಕಳಿಸಿದ್ದು

ಬೆಟಗೇರಿ,
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಹತ್ತೊಂಬತ್ತನೆಯ ಇಸವಿ.

ಹಿಂದಿನ ಕಾಲದ ಬೆಟಗೇರಿಯವರಿಗೆ ಕಳಕವ್ವ ಎಂಬ ಗೋಲ್‌ಕೀಪರ್ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕಿದ ದಿನಗಳನ್ನು ವರ್ಷದ ಕೊನೆಗೆ ಒಟ್ಟು ಹಾಕಿ ‘ಉಳಿಕೆ’ ಎಂದು ಕರೆಯುತ್ತೇವೆ. ಆಗ ಯಾರೂ ಕೆಲಸಕ್ಕೆ ಹೋಗುವುದಿಲ್ಲ, ಊರೂರಿನವರು ಹಾಕಿ ಪಂದ್ಯ ಆಡುತ್ತಾರೆ. ನನ್ನ ಕನ್ನಡ ನಿಮ್ಮ ಕಿವಿಗೆ ಸ್ವಲ್ಪ ಸೊಟ್ಟಗೆ ಕೇಳಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಬರವಣಿಗೆಯನ್ನು ಕಲಿತವಳು ನಾನು, ಹುಟ್ಟಿನಿಂದ ಪಡೆದವಳಲ್ಲ. ಹಿಂದಕ್ಕೆ ಹೋಗುವ ಇಂಥ ಕಾಗದಕ್ಕೆ ‘ಹಿನ್ನೋಲೆ’ ಎಂದು ಹೆಸರು. ಅದನ್ನು ಮೊದಲು ಓದಿ ಆಮೇಲೆ ಕಳಿಸುವ ಕಚೇರಿಯೊಂದಿದೆ. ಮಳೆ, ಯುದ್ಧ, ರೋಗಗಳ ಮಾತು ಬಂದರೆ ಅಲ್ಲಿಯೇ ಹೊಡೆದುಹಾಕುತ್ತಾರೆ. ತಿಳಿದರೂ ಯಾರ ಬಾಳೂ ಬದಲಾಗದ ಸುದ್ದಿಗಷ್ಟೇ ಒಪ್ಪಿಗೆ. ನನ್ನ ಸುದ್ದಿಯನ್ನು ಓದಿದ ಅಧಿಕಾರಿ ಆಕಳಿಸಿ ಮುದ್ರೆ ಒತ್ತಿದರು. ಆದ್ದರಿಂದ ನೀವು ನೆಮ್ಮದಿಯಿಂದ ಓದಬಹುದು.

ನಮ್ಮ ಊರಿನಲ್ಲಿ ಮಗ್ಗಗಳು ಇನ್ನೂ ಇವೆ, ಆದರೆ ಸೀರೆಗಿಂತ ಹೆಚ್ಚಾಗಿ ‘ಹಾಸಂಗಳ’ ನೇಯುತ್ತವೆ. ಹಾಸಂಗಳ ಎಂದರೆ ಹಾಕಿ ಮೈದಾನದ ಅಗಲಕ್ಕೆ ನೇಯ್ದ ಒರಟು ಹಾಸು. ಉಳಿಕೆಗೆ ಮುಂಚೆ ಓಣಿಯವರೆಲ್ಲ ಹೆಗಲು ಕೊಟ್ಟು ಅದನ್ನು ಹೊತ್ತು ತಂದು ಹಾಸುತ್ತಾರೆ, ನೀರು ಚಿಮುಕಿಸುತ್ತಾರೆ, ಹೆಣಿಗೆ ಬಿಚ್ಚಿದ ಕಡೆ ಕೂತು ಹೊಲಿಯುತ್ತಾರೆ. ಬಿಸಿಲು ಏರಿದ ಮೇಲೆ ಹೊರಗೆ ನಿಲ್ಲಲಾಗದ ಕಾರಣ ಆಟವೆಲ್ಲ ಬೆಳಗಿನ ತಂಪಿನಲ್ಲೇ ಮುಗಿಯಬೇಕು. ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ಆಡುತ್ತೇವೆ. ಮೆಟ್ಟಿಲ ಮೇಲೆ ಕೂತವರು ಮಿರ್ಚಿ ತಿನ್ನುತ್ತ ನಮಗೆ ಆಟ ಕಲಿಸುತ್ತಾರೆ. ಇದು ನಿಮ್ಮ ಕಾಲದಲ್ಲೂ ಹೀಗೇ ಇತ್ತೆಂದು ಕೇಳಿದ್ದೇನೆ.

ಅಂದಾನಪ್ಪಣ್ಣ ನಮ್ಮ ಹಿರಿಯ ಡಿಫೆಂಡರ್. ನಾನು ಗೋಲಿಗೆ ನಿಂತ ಮೊದಲ ದಿನದಿಂದ ನನ್ನ ಮುಂದೆ ಇದ್ದದ್ದು ಅವನ ಬೆನ್ನು. ಅವನ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ಪರಿಚಯ. ಹೋದ ವರ್ಷ ಕೊಪ್ಪಳದವರು ಆಳುಬದಲಿಗೆ ಹೇಳಿಕಳಿಸಿದರು. ಒಂದೂರಿನ ಆಟಗಾರನನ್ನು ಕೊಟ್ಟು ಇನ್ನೊಂದೂರಿನವನನ್ನು ಪಡೆಯುವುದೇ ಆಳುಬದಲು. ಹೋದವನು ಮನೆ ಬಿಟ್ಟು ಆ ಊರಿನವನೇ ಆಗಬೇಕು. ಅವರ ತಂಡದಲ್ಲಿ ಓಡುವ ಹುಡುಗರು ಬೇಕಾದಷ್ಟು, ಗದರಿಸಿ ಒಂದೆಡೆ ನಿಲ್ಲಿಸುವವರು ಯಾರೂ ಇರಲಿಲ್ಲ. ಅಂದಾನಪ್ಪಣ್ಣನನ್ನು ಕೊಡಿ, ನಮ್ಮ ಯಮನೂರನನ್ನು ತೆಗೆದುಕೊಳ್ಳಿ ಎಂದರು. ಯಮನೂರ ಮಿಂಚಿನಂತೆ ಓಡುವ ಹುಡುಗ. ನಮ್ಮ ತಂಡದ ವ್ಯವಸ್ಥಾಪಕ ವೀರಸಂಗಪ್ಪನ ಬಾಯಲ್ಲಿ ನೀರೂರಿತು.

ಇಂಥ ತೀರ್ಮಾನಕ್ಕೆ ನಮ್ಮಲ್ಲಿ ‘ತಿರುವುವಾದ’ ಎಂಬ ಕಟ್ಟಳೆಯಿದೆ. ಆಟಗಾರನನ್ನು ಬಿಡಲಾರದವರು ಅವನನ್ನು ಕಳಿಸಿ ಎಂದು ವಾದಿಸಬೇಕು, ಅವನು ಬೇಡವಾದವರು ಇಟ್ಟುಕೊಳ್ಳಿ ಎಂದು ವಾದಿಸಬೇಕು. ಇಬ್ಬರೂ ನಿಜವನ್ನೇ ಆಡಬೇಕು. ತೀರ್ಮಾನವಾಗುವ ತನಕ ಆಟಗಾರ ಬಾಯಿ ತೆರೆಯುವಂತಿಲ್ಲ. ಕೊನೆಗೆ ಊರು ಎದ್ದು ಯಾರ ಹಿಂದೆ ಹೆಚ್ಚು ನಿಲ್ಲುತ್ತದೋ ಅವರ ಮಾತು ನಡೆಯುತ್ತದೆ. ಆದರೆ ಆಟಗಾರನೇ ಎದ್ದು ಕಳಿಸುವವರ ಕಡೆ ನಿಂತರೆ ಅವನನ್ನು ಹಿಡಿಯುವ ಹಕ್ಕು ಯಾರಿಗೂ ಇಲ್ಲ. ಹಾಗೆ ನಿಂತವರನ್ನು ನಾನಂತೂ ನೋಡಿರಲಿಲ್ಲ.

ವೀರಸಂಗಪ್ಪ ಇಟ್ಟುಕೊಳ್ಳಿ ಎಂದು ಮಾತಾಡಿದ. ಆಸೆಯೆಲ್ಲ ಯಮನೂರನ ಮೇಲಿದ್ದರೂ ಕಟ್ಟಳೆಗೆ ಮೋಸ ಮಾಡಲಿಲ್ಲ. “ನಾವೆಲ್ಲಾ ಸೋತು ಮಾರಿ ಸಪ್ಪಗ ಮಾಡ್ಕೊಂಡ್ ಕುಂತಾಗ ಹಾಸಂಗಳ ಸುತ್ತಿ ಇಡಾಕ ಉಳದಾಂವ ಇವನೊಬ್ಬನ,” ಎಂದ. ಮೆಟ್ಟಿಲ ಮೇಲಿದ್ದವರು ಕಣ್ಣೊರೆಸಿಕೊಂಡರು. ನಂತರ ನನ್ನ ಸರದಿ, ಅವನನ್ನು ಬಿಡಲಾರದ ನಾನು ಕಳಿಸಿ ಎನ್ನಬೇಕು. ಏನು ಹೇಳಲಿ? ನನಗೆ ಮಾತ್ರ ಗೊತ್ತಿದ್ದ ನಿಜ ಒಂದೇ ಇತ್ತು. “ಅಣ್ಣಗ ಎಡಕ್ಕ ಲಗೂನ ಹೊಳ್ಳಾಕ ಆಗೂದಿಲ್ರಿ,” ಎಂದೆ. “ಮೊಣಕಾಲು ಕೈ ಕೊಟ್ಟೈತಿ. ಚೆಂಡು ಬರೂಕಿಂತ ಮೊದಲ ನಾ ‘ಎಡಕ್ಕ’ ಅಂತ ಒದರತೀನಿ, ಅಂವ ಮೊದಲ ಹೊಳ್ಳಿ ನಿಂತಿರತಾನ. ನಾ ಒದರದಿದ್ರ ಗೋಲು.” ಅಷ್ಟು ಹೇಳಿ ಕೂತೆ. ಗೋಲಿನಲ್ಲಿ ಹಾಕಿಕೊಳ್ಳುವ ಹೆಲ್ಮೆಟ್ ಆಗ ತಲೆಯ ಮೇಲಿದ್ದರೆ ಚೆನ್ನಾಗಿತ್ತು, ಅಳು ಕಾಣುತ್ತಿರಲಿಲ್ಲ.

ಊರು ಊರೇ ಎದ್ದು ವೀರಸಂಗಪ್ಪನ ಹಿಂದೆ ಹೋಗಿ ನಿಂತಿತು. ನನ್ನ ಹಿಂದೆ ಯಾರೂ ಬರಲಿಲ್ಲ. ಇಷ್ಟು ಸಂತೋಷವಾಗಿ ನಾನು ಎಂದೂ ಸೋತಿರಲಿಲ್ಲ. ಅಷ್ಟರಲ್ಲಿ ಅಂದಾನಪ್ಪಣ್ಣ ಎದ್ದ, ಕುಂಟುವುದನ್ನು ಮುಚ್ಚಿಡದೆ ನಡೆದು ಬಂದು ನನ್ನ ಪಕ್ಕದಲ್ಲಿ ನಿಂತ. ತೀರ್ಮಾನವಾಗಿತ್ತು, ಇನ್ನು ಅವನು ಮಾತಾಡಬಹುದಿತ್ತು. “ನಾ ಇಲ್ಲೇ ಇದ್ರ ಈಕಿ ಒದರಿ ಒದರಿ ಗಂಟಲ ಹರಕೋತಾಳ,” ಎಂದ. “ಈಕಿ ತನ್ನ ಗೋಲ್ ನೋಡ್ಕೊಳ್ಳಲಿ. ನಾ ಕೊಪ್ಪಳದಾಗ ಬಲಕ್ಕ ನಿಂತು ಆಡತೀನಿ.” ವೀರಸಂಗಪ್ಪ ಬಯಸಿದ್ದು ಅವನಿಗೆ ಸಿಕ್ಕಿತು, ಆದರೂ ಅವನ ಮುಖ ಸಪ್ಪಗಾಗಿತ್ತು.

ಯಮನೂರ ಬಂದ. ಒಳ್ಳೆಯ ಹುಡುಗ, ಎಡಕ್ಕೂ ಬಲಕ್ಕೂ ಬುಗುರಿಯ ಹಾಗೆ ತಿರುಗುತ್ತಾನೆ. ನಾನು ಒದರುವುದು ಮಾತ್ರ ನಿಲ್ಲಲಿಲ್ಲ. “ಅಕ್ಕಾ, ನನಗ ಕಾಣತೈತಿ, ಯಾಕ ಒದರತಿ?” ಎಂದು ಕೇಳಿದ. ಮುಂದಿನ ಚೆಂಡಿಗೂ ಒದರಿದೆ.

ಕಳೆದ ಉಳಿಕೆಯ ಕೊನೆಯ ಆಟ ಕೊಪ್ಪಳದ ಮೇಲೆ, ನಮ್ಮದೇ ಅಂಗಳದಲ್ಲಿ. ಎರಡೂ ಕಡೆ ಗೋಲಿಲ್ಲ, ಆಟ ಮುಗಿಯುತ್ತ ಬಂದಿತ್ತು. ಯಮನೂರ ಚೆಂಡು ಹಿಡಿದು ಅವರ ಗೋಲಿನತ್ತ ಓಡಿದ. ಅಡ್ಡ ನಿಂತಿದ್ದವನು ಅಂದಾನಪ್ಪಣ್ಣ ಒಬ್ಬನೇ. ಯಮನೂರ ಅವನ ಎಡಕ್ಕೆ ವಾಲಿದ. ಇಡೀ ಮೈದಾನದ ಈಚೆ ತುದಿಯಲ್ಲಿದ್ದ ನಾನು, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ, “ಎಡಕ್ಕ, ಅಣ್ಣಾ!” ಎಂದು ಒದರಿದೆ. ಅವನು ಹೊರಳಿದ. ಚೆಂಡು ನಿಂತಿತು. ಅಲ್ಲಿಂದ ಅವರು ಅದನ್ನು ಈಚೆಗೆ ಹೊಡೆದು ನನ್ನ ಮೇಲೆಯೇ ಗೋಲು ಹಾಕಿದರು. ಮೆಟ್ಟಿಲ ಮೇಲಿದ್ದವರು ಮಿರ್ಚಿ ತಿನ್ನುವುದನ್ನೂ ಮರೆತರು.

ಬರುವ ವಾರ ನನ್ನ ಮೇಲೆ ತಿರುವುವಾದ ಇದೆ. ಗೋಲ್‌ಕೀಪರ್ ಬೇಕೆಂದು ಕೊಪ್ಪಳದವರು ಕೇಳಿದ್ದಾರೆ. ಇಟ್ಟುಕೊಳ್ಳಿ ಎಂದು ವಾದಿಸಲು ವೀರಸಂಗಪ್ಪ ಈಗಲೇ ಹಲ್ಲು ಕಡಿಯುತ್ತ ಮಾತು ಹೊಂದಿಸುತ್ತಿದ್ದಾನೆ. ಕಳಿಸಿ ಎಂದು ವಾದಿಸಲು ನನ್ನನ್ನು ಬಿಡಲಾರದವರು ಬೇಕು. ಊರೆಲ್ಲ ಹುಡುಕಿ ಕೊನೆಗೆ ಅಂದಾನಪ್ಪಣ್ಣನಿಗೆ ಹೇಳಿಕಳಿಸಿದರು. ಬರುತ್ತೇನೆ ಎಂದಿದ್ದಾನಂತೆ.

ನಿಮ್ಮಿಂದ ಏನನ್ನೂ ಬದಲಿಸಲು ಕೇಳುವಂತಿಲ್ಲ, ಕಚೇರಿ ಹೊಡೆದುಹಾಕುತ್ತದೆ. ನಿಮ್ಮ ತಂಡದ ಹಿರಿಯನನ್ನು ಇಟ್ಟುಕೊಳ್ಳಿ, ಕಳಿಸಿ, ಅದು ನಿಮಗೆ ಬಿಟ್ಟದ್ದು. ಆದರೆ ಮೈದಾನಕ್ಕೆ ಹೋದಾಗ ಅವನ ಹಿಂದೆ ಗೋಲಿನಲ್ಲಿ ನಿಂತವರು ಏನು ಒದರುತ್ತಾರೆ, ಸ್ವಲ್ಪ ಕಿವಿಗೊಟ್ಟು ಕೇಳಿ. ನಾನು ಬಟ್ಟೆಗಂಟು ಕಟ್ಟಿಟ್ಟಿದ್ದೇನೆ. ಊರು ನನ್ನನ್ನು ಇಟ್ಟುಕೊಂಡರೂ ಸರಿಯೇ, ನಾನು ಎದ್ದು ಅಣ್ಣನ ಪಕ್ಕದಲ್ಲಿ ನಿಲ್ಲುವವಳು.

ಇತಿ,
ಕಳಕವ್ವ